ಹಗ್ಗ ಹಿಡಿದ ಕೈ

ಕೆರೆಗಳೆಲ್ಲ ಬತ್ತಿಹೋದ ಔರಾದದಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ತಿರುಗುವವನು ಮಚ್ಛೇಂದ್ರನೊಬ್ಬನೇ. ನಡೆಯುವಾಗ ಅವನ ಬಲಗೈ ಕಾಣದ ಹಗ್ಗವೊಂದನ್ನು ಬಿಡುತ್ತ, ಎಳೆಯುತ್ತ, ಮತ್ತೆ ಬಿಡುತ್ತ ಇರುತ್ತದೆ. ಮುಖದಲ್ಲಿ ಮಾತ್ರ ಯಾರನ್ನೋ ಬಡಿಯಲು ಹೊರಟವನ ಉರಿ. ಬಾವಿಯ ಹೂಳು ತೆಗೆಯಲು ಒಬ್ಬ ಇಳಿದರೆ, ಅವನು ಮೇಲೆ ಬರುವ ತನಕ ಹಗ್ಗ ಹಿಡಿದವನು ತುತ್ತು ಮುಟ್ಟಬಾರದೆಂಬುದು ನಮ್ಮ ಕಡೆಯ ನೇಮ. ಮಚ್ಛೇಂದ್ರ ಅದರಲ್ಲೇ ಬೆಳೆದವನು.

ಬರದಲ್ಲಿ ಬಾವಿಗಳೇ ಸತ್ತ ಮೇಲೆ ಅವನು ಕಮಠಾಣದ ಗೆಳೆಯ ನರಸಿಂಗನೊಡನೆ, ಬೀದರದವರೇ ಆದ ಸಾಹೇಬರೊಬ್ಬರ ಕೈಕೆಳಗೆ ದುಡಿಯಲು ದೂರದ ಕಡಲಿಗೆ ಹೋದ. ಹವಳದ ದಿಬ್ಬಗಳ ಆರೋಗ್ಯ ನೋಡಲು ಅಲ್ಲಿ ದೋಣಿಯಿಂದ ರೋಬೋಟ್ ಇಳಿಸುತ್ತಾರೆ. ಅದು ಕೆಳಗೆ ಕಂಡದ್ದು ಮೇಲಿನ ಪರದೆಯಲ್ಲಿ ಮೂಡುತ್ತದೆ. ಅದರ ಕೇಬಲ್ ಎಲ್ಲೂ ಸಿಕ್ಕಿಬೀಳದಂತೆ ಹಿಡಿಯುವುದು ಇವನ ಕೆಲಸ. ಯಂತ್ರ ಮೇಲೆ ಬರುವವರೆಗೆ ಇವನು ಉಣ್ಣುತ್ತಿರಲಿಲ್ಲ.

“ಏ ಮಚ್ಛ್ಯಾ, ಕೆಳಗ ನಿಮ್ಮ ಮಾವ ಇಳದಾನೇನೋ? ಉಣ್ಣ ಬಾ!” ಎಂದು ನರಸಿಂಗ ಕಾಡುತ್ತಿದ್ದನಂತೆ.

ಒಂದು ಬೇಸಿಗೆ ಪರದೆಯ ತುಂಬ ಬಿಳುಪು. ಹತ್ತಿ ಒಡೆದ ಹೊಲ ಕಂಡವನಂತೆ ಹಿಗ್ಗಿ, “ಏನ ಫಸಲ ಬಂದದರೀ ಸಾಹೇಬ್ರ!” ಎಂದ. ದೋಣಿಗೆ ದೋಣಿಯೇ ನಕ್ಕಿತು. ಕಡಲು ಕಾದು ಹವಳ ಸಾಯುವ ಮುನ್ನ ಹೀಗೆ ಬೆಳ್ಳಗಾಗುತ್ತದೆ ಎಂದರು ಸಾಹೇಬರು.

“ಈಗೇನ ಮಾಡೋದರಿ?”

“ಮುಂದಿನ ವರ್ಷ ಮತ್ತ ಬಂದು ನೋಡೋದು.”

“ಬಾವ್ಯಾಗ ಮನಷ್ಯಾ ಮುಳಗ್ಲತಿದ್ರ, ಹಗ್ಗ ಹಿಡದಾಂವ ವರ್ಷಕ್ಕೊಮ್ಮಿ ಬಂದು ಇಣಕ್ತಾನೇನ್ರಿ?”

ಹಾಗೆಂದು ಕೂಗಿದವನು ಯಂತ್ರವನ್ನು ಜೋಪಾನವಾಗಿ ಮೇಲೆಳೆದಿಟ್ಟು, ಕೆಲಸ ಬಿಟ್ಟು ಬಂದ.

ಅವನ ಸಿಟ್ಟು ಅವನ ಚಿಕ್ಕಮ್ಮನಾದ ನನ್ನದೂ ಹೌದು. ನಮ್ಮ ಬಿರಿದ ಹೊಲಗಳಿಗೂ ಬರ ನೋಡುವ ಸರ್ಕಾರಿ ಜೀಪು ಬಂದಿತ್ತು. ಇಳಿದವರು ಫೋಟೋ ಹಿಡಿದರು, ನೆರೆಮನೆಯ ಕೇಶರಬಾಯಿ ಕೊಟ್ಟ ಚಹಾ ಕುಡಿದರು, ನಮ್ಮ ಮೇಲೆ ಧೂಳೆಬ್ಬಿಸಿ ಹೋದರು.

ಈ ವರ್ಷ ಸಾಹೇಬರು ಮತ್ತೆ ಫೋನು ಮಾಡಿ ಕರೆದರು. ಊರಲ್ಲಿ ಕೂಲಿಯಿಲ್ಲ, ಇವನು ಹೋಗದಿದ್ದರೆ ಹೆಂಡತಿ ಶಾಲುಬಾಯಿ ಬಸುರಿ ಹೊಟ್ಟೆ ಹೊತ್ತು ಕಬ್ಬು ಕಡಿಯುವ ಗುಂಪಿನೊಡನೆ ಹೊರಡಬೇಕು. “ಸಾಯೋದು ನೋಡ್ಲಾಕ ನಾ ಹೋಗಂಗಿಲ್ಲ!” ಎಂದು ಗೋಡೆ ಗುದ್ದಿದವನು, ಕಡೆಗೆ ಭಾಲ್ಕಿ ಸ್ಟೇಶನ್ನಿನಲ್ಲಿ ಅದೇ ಜಾಕೆಟ್ ತೊಟ್ಟು, ಸಾಹೇಬರನ್ನು ಬೈಯುತ್ತಲೇ ಗಾಡಿ ಕಾಯುತ್ತಿದ್ದ.

“ಶಾಲೂನ ಸಲವಾಗಿ ಹೊಂಟಿಯೇನು?” ಎಂದೆ, ಕಳಿಸಲು ಹೋಗಿದ್ದ ನಾನು.

“ಹೌದು ಮೌಶಿ. ಮತ್ತ ಅಲ್ಲಿ ಕೆಳಗ ಇನ್ನಾ ಜೀವ ಅದ. ಮ್ಯಾಲ ಒಬ್ಬರರೆ ಉಪಾಸ ಇರಬೇಕಲ್ಲ!”

ಬರೀ ನೋಡಿ ಹೋಗುವವರಿಗೆ ಸಿಟ್ಟು ಬರುವುದಿಲ್ಲ, ನಿದ್ದೆ ಬರುತ್ತದೆ. ಹಗ್ಗ ಹಿಡಿಯುವ ಮಂದಿ ಬೇರೆ: ಬೈಯುತ್ತಾರೆ, ಹಸಿಯುತ್ತಾರೆ, ಹಲ್ಲು ಕಡಿಯುತ್ತಾರೆ, ಕೆಳಗಿನ ಜೀವ ತಮ್ಮದಲ್ಲದಿದ್ದರೂ ಕೈ ಸಡಿಲಿಸುವುದಿಲ್ಲ.