ಅರ್ಧ ರೊಬಸ್ಟಾ

ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಿದ್ದರಾಜುವಿನ ಕಾಫಿಪುಡಿ ಅಂಗಡಿ. ಹುರಿದ ಬೀಜ ತರಿಸಿ ಅಲ್ಲೇ ಪುಡಿ ಮಾಡಿ, ಅರೇಬಿಕಾ ಎಂದು ಮಾರುತ್ತಿದ್ದ. ಅಂದು ಬೆಳಿಗ್ಗೆ ಯಂತ್ರದ ಸದ್ದು ನಿಲ್ಲಲೆಂದು ಕಾದಿದ್ದವಳು ನಿವೃತ್ತ ಶಿಕ್ಷಕಿ ಪಂಕಜಮ್ಮನವರ ಮಗಳು ಮೇಧಾ. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ.

“ಸಿದ್ದರಾಜಣ್ಣ, ಅಮ್ಮನಿಗೆ ಎದೆ ಡವಗುಟ್ಟುತ್ತೆ. ಡಾಕ್ಟ್ರು ಕೆಫೀನ್ ಕಡಿಮೆ ಮಾಡಿ ಅಂದ್ರು. ಅರೇಬಿಕಾದಲ್ಲಿ ಅದು ಕಮ್ಮಿ ಅಂತ ನಿಮ್ಮ ಪುಡಿ ತಗೊಂಡ್ವಿ. ಆದ್ರೂ ನಿಲ್ಲಲಿಲ್ಲ. ಅದಕ್ಕೇ ಪುಡಿ ಪರೀಕ್ಷೆ ಮಾಡಿಸಿದೆ.”

ಅವಳು ಚಾಚಿದ ಕಾಗದದ ತುಂಬ ಅಂಕಿಗಳು, ಏರಿಳಿಯುವ ಗೆರೆಗಳು.

“ರೊಬಸ್ಟಾ ಅಂತ ಇನ್ನೊಂದು ಜಾತಿ ಕಾಫಿ ಬೀಜ, ಅದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ಆ ಬೀಜದ ಗುರುತು ಹೇಳೋ ಒಂದು ಎಣ್ಣೆ ಅಂಶ ಇದೆ. ಅದು ಇದರಲ್ಲಿ ಸಿಕ್ಕಿದೆ. ಹತ್ತಿರ ಹತ್ತಿರ ಅರ್ಧ ರೊಬಸ್ಟಾನೇ.”

“ಸುಮ್ನಿರವ್ವ! ಇಪ್ಪತ್ತು ವರ್ಸದಿಂದ ಒಬ್ರತ್ರನೇ ಬೀಜ ತತ್ತಾ ಇವ್ನಿ. ನನ್ ನಾಲ್ಗೆಗೆ ಗೊತ್ತಾಗಲ್ವಾ?”

ಆದರೂ ಬೀಜದ ವ್ಯಾಪಾರಿಗೆ ಫೋನು ಮಾಡಿದ. ಆತ ನಕ್ಕ. “ಡಿಕಾಕ್ಷನ್ ಗಟ್ಟಿ ಬರ್ಲಿ ಅಂತ ಸೇರಿಸ್ತೀವಪ್ಪ. ನಿಮ್ಮ ಗಿರಾಕಿಗಳು ಯಾರಾದ್ರೂ ಬೇಡ ಅಂದ್ರಾ?”

ಸಿದ್ದರಾಜುವಿಗೆ ತಲೆ ಕೆಟ್ಟಂತಾಯಿತು. ಮೋಸ ಮಾಡಿದ್ದು ಆತನೋ, ತಾನೋ? ಗೊತ್ತಿಲ್ಲದೆ ಮಾರಿದ್ದೂ ತಪ್ಪೇ? ಇಷ್ಟು ವರ್ಷ ತಾನು ಚಪ್ಪರಿಸಿ ಕುಡಿದದ್ದು ಏನನ್ನು?

ಒಳಗಿನಿಂದ ಹೆಂಡತಿ ಹೊಂಬಾಳಮ್ಮ ಬಂದು ಮೆಲ್ಲಗೆ ಅಂದಳು: “ಯಾರ್ಗೂ ಏಳ್ಬ್ಯಾಡಿ ಬುಡಿ. ಮುಂದಿನ್ ಮೂಟೆ ಒಳ್ಳೇದು ತರ್ಸುದ್ರಾಯ್ತು.”

ಅದೇ ಸರಿಯೆನ್ನಿಸಿತು. ಮರುಕ್ಷಣವೇ, ಅದು ಹೇಗೆ ಸರಿಯಾದೀತು ಎಂದೂ ಅನ್ನಿಸಿತು.

ಅಷ್ಟರಲ್ಲಿ ಹನಕೆರೆಯ ಗೆಳೆಯ ಬೋರಯ್ಯ ಬಂದ. “ಒಂದ್ ಕೇಜಿ ಅರೇಬಿಕಾ ಕಟ್ಲಾ.”

ಸಿದ್ದರಾಜುವಿನ ಕೈ ತಕ್ಕಡಿಯ ಮೇಲೇ ನಿಂತಿತು. “ಅರೇಬಿಕಾ ಅಲ್ಲ ಕಣ್ಲಾ. ಅರ್ಧ ರೊಬಸ್ಟಾ ಬೆರ್ತದೆ. ನಂಗೂ ಈಗ್ಲೇ ಗೊತ್ತಾದ್ದು.”

“ಮೊನ್ನೆ ತಕೊಂಡೋಗಿದ್ದು?”

“ಅದೂ ಇದೇಯ.”

“ಅದು ಚೆನ್ನಾಗಿತ್ತಲ್ಲಲಾ! ಕಟ್ಟು ಮತ್ತೆ.”

ನಗಬೇಕೋ ಅಳಬೇಕೋ ಸಿದ್ದರಾಜುವಿಗೆ ತಿಳಿಯಲಿಲ್ಲ. ಪೊಟ್ಟಣ ಕಟ್ಟಿ, ಅದರ ಮೇಲೆ ಪೆನ್ನಿನಲ್ಲಿ ‘ಅರ್ಧ ರೊಬಸ್ಟಾ’ ಎಂದು ಬರೆದು ಕೊಟ್ಟ. ಆಮೇಲೆ ಹೆಂಡತಿಯತ್ತ ತಿರುಗಿದ.

“ಯಾರೇ ಬಂದ್ರೂ ಇಂಗೇ ಬರ್ದು ಕೊಡು. ಮೇಧಮ್ಮ, ನಡೀರವ್ವ. ಟೀಚರಮ್ಮಂಗೆ ನಾನೇ ಏಳ್ತೀನಿ.”

“ಏನಂತ ಹೇಳ್ತೀರಿ ಅಣ್ಣ?”

“ಅದೇ ಗೊತ್ತಾಯ್ತಿಲ್ಲ” ಎನ್ನುತ್ತಲೇ ಸಿದ್ದರಾಜು ಚಪ್ಪಲಿ ಮೆಟ್ಟಿ ಬೀದಿಗಿಳಿದ.