ಸಾವುಕಾರರ ಕೆಮ್ಮು

"ಕೈ ಅದಾವಿಲ್ಲೇ ನಿನಗ? ಒಣಗಿದ ಜಾಲಿಗಿಡ ನಿಂತಂಗ ನಿಂತೀದಿ! ನಾ ಕೆಮ್ಮಿದ್ರ ಎತ್ತಬೇಕು. ಕೆಮ್ಮಲಿಲ್ಲಂದ್ರ ಸುಮ್ಕ ಕುಂದ್ರಬೇಕು. ಎಮ್ಮಿಗೆ ಹೇಳಿದ್ರೂ ಇಷ್ಟೊತ್ತಿಗೆ ಕಲೀತಿತ್ತು."

ಪುರಸಭೆಯ ಅಧ್ಯಕ್ಷ ನಾಗಣ್ಣ ಸಾವುಕಾರ ಸಭಾಂಗಣದ ಬಾಗಿಲಲ್ಲಿ ನಿಂತು ರೇಣಮ್ಮನಿಗೆ ಬಜೆಟ್ ಕಲಿಸುತ್ತಿದ್ದ. ರೇಣಮ್ಮ ಹನ್ನೊಂದನೇ ವಾರ್ಡಿನ ಸದಸ್ಯೆ. ವಾರ್ಡು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದಾಗ ಸಾವುಕಾರನೇ ತನ್ನ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವಳನ್ನು ಜೀಪಿನಲ್ಲಿ ಕರೆತಂದು ನಾಮಪತ್ರಕ್ಕೆ ಸಹಿ ಹಾಕಿಸಿದ್ದ. ಗೆದ್ದ ಮೇಲೂ ಅವಳು ಅದೇ ಹೊಲಕ್ಕೆ ಹೋಗುತ್ತಿದ್ದಳು. ಸಭೆ ಇದ್ದ ದಿನ ಮಾತ್ರ ರಜೆ. ಆ ದಿನದ ಕೂಲಿ ಇಲ್ಲ.

"ತಿಳೀತ್ರಿ ಸಾವ್ಕಾರ್ರ. ಕೆಮ್ಮಿದ್ರ ಎತ್ತೂದು."

"ಮತ್ತ ಬಾಯಿ?"

"ಮುಚ್ಚೂದ್ರಿ."

ಒಳಗೆ ಹದಿನಾಲ್ಕು ಮಂದಿಗೆ ಮೆತ್ತನೆಯ ಕುರ್ಚಿ, ರೇಣಮ್ಮನಿಗೆ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲು. ಅವರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ, ಅವಳಿಗೆ ಕಾಗದದ ಕಪ್ಪು.

ಅವಳ ಹಿಂದಿನ ಕಿಟಕಿಯ ಆಚೆ, ಪಡಸಾಲೆಯಲ್ಲಿ, ಬಾಡಿಗೆಯ ಅಡುಗೆಯವನು ಸದಸ್ಯರಿಗೆ ಬಜ್ಜಿ ಕರಿಯುತ್ತಿದ್ದ. ಒಲೆಗೆ ಕಟ್ಟಿಗೆ ನೂಕುತ್ತಿದ್ದವಳು ತಿಮ್ಮವ್ವ, ರೇಣಮ್ಮನ ನಾದಿನಿ. ಪುರಸಭೆಯಲ್ಲಿ ಅವಳ ಕೆಲಸ ಕಸ ಗುಡಿಸುವುದು. ಬೆಳಿಗ್ಗೆ ಶಹಾಪುರ ರಸ್ತೆಯ ಗಟಾರು ಬಳಿದು ಬಂದವಳನ್ನು ಮನೆಗೆ ಬಿಡದೆ ಒಲೆಯ ಮುಂದೆ ಕೂರಿಸಿದ್ದರು. ಅವಳಿಗೂ ಉಳಿದ ಮೂವತ್ತೊಂಬತ್ತು ಪೌರಕಾರ್ಮಿಕರಿಗೂ ಐದು ತಿಂಗಳಿಂದ ಪಗಾರವಾಗಿರಲಿಲ್ಲ. ಇವತ್ತಾದರೂ ತೀರ್ಮಾನವಾಗುತ್ತದೆಂದು ಅವರೆಲ್ಲ ಹೊರಗೆ ಬೇವಿನ ಮರದಡಿ ಕಾಯುತ್ತ ಕೂತಿದ್ದರು.

ಮುಖ್ಯಾಧಿಕಾರಿ ಶ್ರೀಮಂತ ಎದ್ದು ಓದಿದ. ಮೊದಲನೆಯದು, ಅಧ್ಯಕ್ಷರ ಕೊಠಡಿಗೆ ಎಸಿ. ಸಾವುಕಾರ ಕೆಮ್ಮಿದ. ರೇಣಮ್ಮ ಕೈ ಎತ್ತಿದಳು. ಎಂಟಕ್ಕೆ ಏಳು, ಅಂಗೀಕಾರ. ಎರಡನೆಯದು, ಎಸಿಯಿಂದ ಚಳಿಯಾದರೆ ಹೊದೆಯಲು ಎರಡು ಶಾಲು. ಕೆಮ್ಮು, ಕೈ, ಅಂಗೀಕಾರ. ಮೂರನೆಯದಕ್ಕೆ ಹೋಗುವ ಮುಂಚೆ ಬಜ್ಜಿಯ ಚೂರು ಗಂಟಲಿಗೆ ಸಿಕ್ಕಿ ಸಾವುಕಾರ ನಿಜವಾಗಿಯೇ ಕೆಮ್ಮಿದ. ರೇಣಮ್ಮನ ಕೈ ಮೇಲೆದ್ದಿತು.

"ಏ, ಈಗ್ಯಾಕ ಎತ್ತಿದಿ?"

"ಕೆಮ್ಮಿದ್ರಲ್ರಿ."

ಏನು ಬರೆಯಬೇಕೆಂದು ತೋಚದೆ ಶ್ರೀಮಂತ ಆ ದಿನದ ತಾರೀಖನ್ನೇ ಅಂಗೀಕರಿಸಲಾಗಿದೆ ಎಂದು ನಡವಳಿ ಪುಸ್ತಕದಲ್ಲಿ ಬರೆದುಕೊಂಡ.

ಕೊನೆಗೆ ಪೌರಕಾರ್ಮಿಕರ ಪಗಾರದ ವಿಷಯ ಬಂತು.

"ಖಜಾನ್ಯಾಗ ರೊಕ್ಕ ಇಲ್ರಿ" ಎಂದ ಶ್ರೀಮಂತ. "ಯಾವದರ ಮ್ಯಾಲರ ಕರ ಏರಿಸಬೇಕಾಗ್ತದ."

"ಮನಿ ಕರ ಏರಿಸಿದ್ರ ಜನ ನಮ್ಮನ್ನ ಬಡೀತಾರ" ಎಂದ ಒಬ್ಬ. "ಅಂಗಡಿ ಕರ ಏರಿಸಿದ್ರ ನಾನ ಬಡೀತೀನಿ" ಎಂದ ಅಂಗಡಿಯ ಮಾಲೀಕನಾಗಿದ್ದ ಇನ್ನೊಬ್ಬ. ನಾಯಿಗಳ ಮೇಲೆ ಹಾಕೋಣ ಎಂದ ಮೂರನೆಯವನು. ನಾಯಿಗೆ ನೋಟೀಸು ಯಾರು ಮುಟ್ಟಿಸಬೇಕು ಎಂಬುದರ ಮೇಲೆ ಅರ್ಧ ತಾಸು ಚರ್ಚೆ ನಡೆಯಿತು.

ನಾಗಣ್ಣ ಸಾವುಕಾರ ಮೇಜು ಕುಟ್ಟಿದ. "ಕಸ ಹೊಡಿಯೋರ ಓಣ್ಯಾಗ ತಗಡಿನ ಶೆಡ್ ಅದಾವಲ್ಲ, ಅವಕ್ಕ ಕರ ಇಲ್ಲ. ಹಾಕ್ರಿ. ಅವರ ಕಡಿಂದ ವಸೂಲ್ ಮಾಡಿ ಅದರಾಗ ಅವರಿಗೇ ಪಗಾರ ಕೊಡ್ರಿ. ಯಾರಿಗೂ ತ್ರಾಸಿಲ್ಲ."

ಸದಸ್ಯರು ತಲೆದೂಗಿದರು. ಕಿಟಕಿಯಿಂದ ತಿಮ್ಮವ್ವನ ದನಿ ಬಂತು: "ನನ್ನ ರೊಕ್ಕ ನನಗ ಕೊಡಾಕ ಇಷ್ಟು ಮಂದಿ ಶ್ಯಾಣ್ಯಾರು ಬೇಕೇನ್ರಿ?"

"ಒಲಿ ಊದು, ಬೋಳಿ! ಸಭಾದಾಗ ಬಾಯಿ ಹಾಕ್ತೀ?" ಎಂದು ಸಾವುಕಾರ ಗದರಿದ.

ರೇಣಮ್ಮ ನೆಲ ನೋಡಿದಳು. ಅವಳದೂ ಅದೇ ಓಣಿ, ಅಂಥದ್ದೇ ಶೆಡ್ಡು.

ಆಗ ವಿರೋಧ ಬಣದ ಮಹಾದೇವಪ್ಪ ಗೌಡ ಎದ್ದ. ಪೌರಕಾರ್ಮಿಕರ ಮೇಲೆ ಅವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಸಾವುಕಾರನ ಮಗಳ ಮದುವೆಯಲ್ಲಿ ತನ್ನ ಎಲೆಯ ಹೋಳಿಗೆಗೆ ತುಪ್ಪ ಬಡಿಸಲಿಲ್ಲವೆಂಬ ಸಿಟ್ಟಿತ್ತು. "ರೊಕ್ಕ ಎಲ್ಲದ ನಾ ಹೇಳ್ತೀನಿ. ಸಾವ್ಕಾರ್ರ ಕಲ್ಯಾಣ ಮಂಟಪ ಕರದ ಪುಸ್ತಕದಾಗ ಏನಂತ ಅದ, ಓದ್ರಿ ಸಾಹೇಬ್ರ."

ಶ್ರೀಮಂತ ಬೆವರುತ್ತ ಓದಿದ: "ದನದ ಕೊಟ್ಟಿಗೆ."

"ಎರಡು ಸಾವಿರ ಮಂದಿ ಉಣ್ಣೂ ಕೊಟ್ಟಿಗಿ! ಮಂಟಪಕ್ಕ ಮಂಟಪದ ಕರ ಹಾಕ್ರಿ, ಹಿಂದಿಂದೂ ವಸೂಲ್ ಮಾಡ್ರಿ. ಐದು ತಿಂಗಳ ಪಗಾರ ಒಂದ ದಿನದಾಗ ಮುಟ್ಟತದ. ಮತಕ್ಕ ಹಾಕ್ರಿ!"

ಗೌಡನ ಕಡೆಯ ಏಳು ಕೈ ಮೇಲೆದ್ದವು. ಸಾವುಕಾರನ ಕಡೆಯವು ಕೆಳಗೇ ಉಳಿದವು. ಸಾವುಕಾರ ರೇಣಮ್ಮನನ್ನು ಕೆಂಗಣ್ಣಿನಿಂದ ನೋಡಿ ತುಟಿ ಬಿಗಿದುಕೊಂಡ.

ರೇಣಮ್ಮ ಕಿಟಕಿಯ ಕಡೆ ತಿರುಗಿದಳು. ಅಡುಗೆಯವನು ಬಜ್ಜಿಯ ತಟ್ಟೆ ಹಿಡಿದು ಒಳಗೆ ಬಂದಿದ್ದ. ಒಲೆಯ ಮುಂದೆ ತಿಮ್ಮವ್ವ ಒಬ್ಬಳೇ ಇದ್ದಳು. ಅತ್ತಿಗೆಯ ಮುಖ ನೋಡಿದಳು. ಚಟ್ನಿಗೆಂದು ತಂದಿಟ್ಟ ಒಣಮೆಣಸಿನಕಾಯಿಯ ಚೀಲಕ್ಕೆ ಕೈಹಾಕಿ ಎರಡು ಬೊಗಸೆ ತೆಗೆದು ಕೆಂಡಕ್ಕೆ ಸುರಿದಳು.

ಘಾಟು ಕಿಟಕಿಯಿಂದ ನುಗ್ಗಿತು. ಮೊದಲು ಶ್ರೀಮಂತ ಸೀನಿದ. ಸಾವುಕಾರ ಟವೆಲ್ಲಿನಿಂದ ಬಾಯಿ ಒತ್ತಿ ಹಿಡಿದ. ಮುಖ ಟೊಮ್ಯಾಟೊ ಆಯಿತು, ಆಮೇಲೆ ಬದನೆಕಾಯಿ. ಕಣ್ಣುಗುಡ್ಡೆಗಳು ಹೊರಬಂದವು. ಹೊಟ್ಟೆ ಮೂರು ಸಲ ಕುಲುಕಿತು. ನಾಲ್ಕನೆಯ ಸಲ ಟವೆಲ್ ಹಾರಿ ಮೇಜಿನ ಮೇಲೆ ಬಿತ್ತು. ಅವನು ಕೆಮ್ಮಿದ ರಭಸಕ್ಕೆ ಕಪ್ಪುಗಳು ಗಲಗಲ ಅಂದವು.

ರೇಣಮ್ಮ ಕೈ ಎತ್ತಿದಳು.

"ಇಳಸ! ಇಳಸ ಕೈ, ನಿನ್ನ..." ಬೈಗುಳ ಪೂರ್ತಿಯಾಗುವ ಮೊದಲೇ ಮತ್ತೆ ಕೆಮ್ಮು ಬಂತು.

ರೇಣಮ್ಮ ಇನ್ನೊಂದು ಕೈಯನ್ನೂ ಎತ್ತಿದಳು.

"ಇದು ಎರಡು ಮತ ಆಗ್ತಾವೇನ್ರಿ?" ಎಂದು ಶ್ರೀಮಂತ ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಒಂದ ಸಾಕು, ಬರೀರಿ! ಎಂಟಕ್ಕ ಏಳು!" ಎಂದು ಗೌಡ ಕೂಗಿದ. ಶ್ರೀಮಂತ ಗಾಬರಿಯಲ್ಲಿ ಬರೆದೇಬಿಟ್ಟ.

ಘಾಟು ಇಳಿದ ಮೇಲೆ ಸಾವುಕಾರ ನೀರು ಕುಡಿದು, ಕುರ್ಚಿ ಬಿಟ್ಟು ಬಂದು ಶ್ರೀಮಂತನ ಕೊರಳಪಟ್ಟಿ ಹಿಡಿದ. "ಹೊಡಿ ಅದನ್ನ, ಕಾಟು ಹೊಡಿ. ಆಕಿಗೇನ್ ತಿಳೀತದ, ಹೆಬ್ಬೆಟ್ಟಿನಾಕಿ!"

ಶ್ರೀಮಂತನ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ರೇಣಮ್ಮ ಎದ್ದು ಬಂದು ಅವನ ಕೈಯಿಂದ ನಡವಳಿ ಪುಸ್ತಕ ಕಿತ್ತುಕೊಂಡಳು. ನೇರ ಹೋಗಿ ಅಧ್ಯಕ್ಷರ ಕುರ್ಚಿಯ ಮೇಲೆ ಪುಸ್ತಕ ಇಟ್ಟು, ಸೀರೆ ಸರಿಮಾಡಿಕೊಂಡು, ಅದರ ಮೇಲೆ ಕೂತಳು.

"ಏಳ ಮ್ಯಾಲ!"

"ಏಳಂಗಿಲ್ರಿ. ಬರದದ್ದರ ಕಾಪಿ ನನ್ನ ಕೈಗಿ ಬರಬೇಕು, ಅದರ ಮ್ಯಾಲ ಶಿಕ್ಕಾ ಬೀಳಬೇಕು."

"ನಾಳಿಂದ ನನ್ನ ಹೊಲಕ್ಕ ಕಾಲಿಟ್ರ ಕಾಲ ಮುರೀತೀನಿ!"

"ನಾಳಿ ಬರೂದ ಇಲ್ರಿ. ನಾಳಿನೂ ಇಲ್ಲೇ ಕುಂದ್ರತೀನಿ."

ಸಾವುಕಾರ ಕುರ್ಚಿಯ ಸುತ್ತ ಎರಡು ಸುತ್ತು ತಿರುಗಿದ. ಎಳೆದು ಎಬ್ಬಿಸಬೇಕೆಂದರೆ ಅವಳನ್ನು ಮುಟ್ಟಬೇಕು. ತನ್ನ ಕಡೆಯವರ ಮುಖ ನೋಡಿದ. ಅವರೆಲ್ಲ ಬಜ್ಜಿಯ ತಟ್ಟೆ ನೋಡಿದರು. ಅಷ್ಟರಲ್ಲಿ ಬೇವಿನ ಮರದಡಿ ಕೂತಿದ್ದವರು ಗದ್ದಲ ಕೇಳಿ ಬಾಗಿಲಿಗೆ ಬಂದು ನಿಂತಿದ್ದರು, ಕಸಬರಿಗೆಗಳ ಸಮೇತ. ಮುಂದೆ ತಿಮ್ಮವ್ವ, ಮೂಗಿನ ತುಂಬ ಬೂದಿ.

ಮಹಾದೇವಪ್ಪ ಗೌಡ ಜೋರಾಗಿ ಚಪ್ಪಾಳೆ ತಟ್ಟತೊಡಗಿದ. "ಭಲೇ ತಂಗಿ! ಏಳಬ್ಯಾಡ! ನಾವೆಲ್ಲ ನಿನ್ನ ಹಿಂದ ಇದ್ದೀವಿ!"

ರೇಣಮ್ಮ ಅವನ ಕಡೆ ತಿರುಗಿದಳು.

"ನಿಮ್ಮನ್ನೂ ಒಂದ್ ಮಾತು ಕೇಳೂದಿತ್ರಿ ಗೌಡ್ರ. ನಾ ಏಳನೇತ್ತ ಓದೀನಿ. ಹೋದ ಸಭಾದಾಗ ಕರದ ಪುಸ್ತಕ ತೆರದ ಬಿದ್ದಿತ್ತು. ಕೆಂಭಾವಿ ರಸ್ತ್ಯಾಗಿನ ನಿಮ್ಮ ಹತ್ತಿ ಗೋದಾಮು ಅದರಾಗ ಹಣಮಪ್ಪನ ಗುಡಿ ಅಂತ ಅದ. ಗುಡಿಗಿ ಕರ ಇಲ್ಲಂತ."

ಗೌಡನ ಎರಡು ಅಂಗೈಗಳ ನಡುವೆ ಗೇಣು ಅಂತರ ಉಳಿಯಿತು.

"ಸಾವ್ಕಾರ್ರ ಹೊಲಕ್ಕ ಬರೂಕಿಂತ ಮೊದಲ ನಾಕು ವರ್ಷ ಅಲ್ಲಿ ಹತ್ತಿ ಚೀಲ ಹೊತ್ತೀನ್ರಿ. ದಿನಾ ಒಳಗ ಹೋಗೀನಿ, ದಿನಾ ಹೊರಗ ಬಂದೀನಿ. ಗುಡಿ ಅಂದಮ್ಯಾಲ, ನನ್ನ ಹೆಂಗ ಒಳಗ ಬಿಟ್ರಿ?"