ಮೂಕಾಂಬಿಕಾಳ ಕೈಗುಣ

ಎನ್.ಆರ್. ಪುರದ ಅಡಿಕೆ ಮಾರಾಟ ಸಂಘದಲ್ಲಿ ಮೂಕಾಂಬಿಕಾಳ ಕೈಗುಣ ಒಳ್ಳೆಯದು ಎಂಬ ಹೆಸರು ಬಿದ್ದು ಒಂಬತ್ತು ವರ್ಷವಾಗಿತ್ತು. ಬಿದ್ದದ್ದು ಹೇಗೆ ಎಂದರೆ ದೊಡ್ಡ ಕಥೆಯೇನಲ್ಲ. ಅವಳು ಗುಮಾಸ್ತೆಯಾಗಿ ಸೇರಿದ ವರ್ಷ, ಹಂಗಾಮಿನ ಮೊದಲ ಚೀಲ ಬಿಚ್ಚಬೇಕಾದ ಹಮಾಲಿ ಮಲ್ಲೇಶಪ್ಪ ಬೀಡಿ ಸೇದಲು ಹೊರಗೆ ಹೋಗಿದ್ದ. ಪಕ್ಕದಲ್ಲಿ ನಿಂತಿದ್ದ ಇವಳು ಸುಮ್ಮನೆ ಹುರಿ ಎಳೆದಳು. ಆ ವರ್ಷ ದರ ಏರಿತು. ಏರುವುದಕ್ಕೆ ಕಾರಣ ನೂರಿದ್ದವು. ಆದರೆ ಜನಕ್ಕೆ ಕಣ್ಣೆದುರು ಕಂಡದ್ದು ಅವಳ ಕೈ ಒಂದೇ.

ಅಂದಿನಿಂದ ಮೊದಲ ಚೀಲ ಅವಳದ್ದೇ. ಹೊಸ ತಕ್ಕಡಿ ಬಂದರೆ ಅವಳೇ ಮುಟ್ಟಬೇಕು, ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿ ಅವಳೇ ಶ್ರೀಕಾರ ಬರೆಯಬೇಕು. ದರ ಬಿದ್ದ ವರ್ಷಗಳೂ ಇದ್ದವು. ಅವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಅವಳೂ ನೆನಪಿಸಲಿಲ್ಲ. ಹೊಗಳಿಕೆ ಯಾರಿಗೆ ಬೇಡ ಹೇಳಿ.

ಹೋದ ದೀಪಾವಳಿ ಕಳೆದ ಮೇಲೆ ಸಂಘದ ಕಾರ್ಯದರ್ಶಿ ಗಣೇಶಮೂರ್ತಿಯವರು ಒಂದು ಕಟ್ಟು ಫಾರ್ಮು ತಂದು ಮೇಜಿನ ಮೇಲೆ ಹಾಕಿದರು. ನೌಕರರ ಸಂಬಳದಲ್ಲಿ ಪ್ರತಿ ತಿಂಗಳು ಪಿಂಚಣಿಗೆಂದು ಹಿಡಿಯುತ್ತಿದ್ದ ಹಣವನ್ನು ಎಲ್ಲಿ ಹಾಕಬೇಕು ಎಂಬುದನ್ನು ಇನ್ನು ಮೇಲೆ ಅವರವರೇ ಹೇಳಬಹುದಂತೆ. ಶೇರಿನಲ್ಲಿ ಇಷ್ಟು, ಕಂಪನಿ ಬಾಂಡಿನಲ್ಲಿ ಇಷ್ಟು, ಸರ್ಕಾರದ ಬಾಂಡಿನಲ್ಲಿ ಇಷ್ಟು ಎಂದು ಬರೆದು, ಸಹಿ ಹಾಕಿ, ತಿಂಗಳ ಕೊನೆಯೊಳಗೆ ಕೊಡಬೇಕು.

ಸಂಘದಲ್ಲಿದ್ದ ನೌಕರರು ಹನ್ನೆರಡು ಜನ. ಸಂಜೆಯ ಹೊತ್ತಿಗೆ ಹನ್ನೊಂದು ಫಾರ್ಮೂ ಮೂಕಾಂಬಿಕಾಳ ಮುಂದೆ ಬಂದು ಕೂತವು.

"ನಮ್ಗೆ ಇದೆಲ್ಲ ಎಂತ ಗೊತ್ತಾಗುತ್ತೆ ಮಾರಾಯ್ತಿ? ನಿನ್ನ ಕೈಯಲ್ಲೇ ಬರೆದುಬಿಡು, ಏರುತ್ತೆ" ಎಂದ ಮಲ್ಲೇಶಪ್ಪ. ಓದುಬರಹ ಬಲ್ಲವರೂ ಹಾಗೇ ಅಂದರು. ಗಣೇಶಮೂರ್ತಿಯವರು ತಮ್ಮದನ್ನೂ ಮೆಲ್ಲಗೆ ಅದೇ ಕಟ್ಟಿನ ಅಡಿಗೆ ಸೇರಿಸಿದರು.

ಅವಳು ಕಂಪ್ಯೂಟರಿನ ಪ್ರದೀಪನನ್ನು ಕೇಳಿದಳು. "ಶೇರಿಗೆ ನೂರಕ್ಕೆ ಎಪ್ಪತ್ತೈದರವರೆಗೆ ಹಾಕ್ಬಹುದು ಅಕ್ಕ. ಹತ್ತು ಹದಿನೈದು ವರ್ಷ ಇರೋರಿಗೆ ಒಳ್ಳೇದು. ರಿಟೈರ್ ಆಗೋಕೆ ಹತ್ರ ಇರೋರಿಗೆ ಮಾತ್ರ ಬೇಡ, ಬಿದ್ರೆ ಏಳೋಕೆ ಟೈಮ್ ಇರಲ್ಲ" ಎಂದ.

ಹತ್ತಿರ ಇದ್ದದ್ದು ಒಬ್ಬರೇ: ಅಂಗಳ ಗುಡಿಸಿ ಚೀಲ ಹೊಲಿಯುವ ಕಲ್ಲಮ್ಮ. ನಿವೃತ್ತಿಗೆ ಇನ್ನು ಹತ್ತೇ ತಿಂಗಳು. ಗಂಡನಿಲ್ಲ; ಮುತ್ತಿನಕೊಪ್ಪದಲ್ಲಿ ಮಗಳು-ಅಳಿಯನ ಮನೆಯಲ್ಲಿ ಇದ್ದಳು. ಪಿಂಚಣಿಯ ನಾಲ್ಕು ಲಕ್ಷ ಚಿಲ್ಲರೆ ಬಂದರೆ ಅಳಿಯನ ಮುಂದೆ ಮಾತ್ರೆಗೂ ಕೈಚಾಚಬೇಕಿಲ್ಲ ಎನ್ನುವುದು ಅವಳ ಲೆಕ್ಕ. ಬೇರೆ ಆಸರೆ ಇರಲಿಲ್ಲ.

"ಕಲ್ಲಮ್ಮ, ನಿಮ್ದು ಸರ್ಕಾರದ ಬಾಂಡಿಗೇ ಹಾಕ್ತೀನಿ" ಎಂದಳು ಮೂಕಾಂಬಿಕಾ.

ಕಲ್ಲಮ್ಮನ ಮುಖ ಸಣ್ಣದಾಯಿತು. "ಯಾಕಮ್ಮಾ? ಎಲ್ಲಾರ್ಗೂ ಒಂದು, ನಂಗೊಂದಾ? ಕಸ ಗುಡ್ಸೋಳು ಅಂತ ನನ್ನ ಬೇರೆ ಸಾಲಲ್ಲಿ ಕೂರಿಸ್ಬೇಡಿ. ಎಲ್ರಿಗೂ ಬಡ್ಸಿದ್ದೇ ನಂಗೂ ಬಡ್ಸಿ."

ಆ ಮಾತಿಗೆ ಮೂಕಾಂಬಿಕಾ ನಾಚಿಹೋದಳು. ವಯಸ್ಸಿನ ವಿಷಯ ಬಿಡಿಸಿ ಹೇಳಬಹುದಿತ್ತು, ಹೇಳಲಿಲ್ಲ. ಹನ್ನೊಂದು ಫಾರ್ಮಿಗೂ ಶೇರಿನ ಎದುರು ಎಪ್ಪತ್ತೈದು ಎಂದು ಬರೆದಳು.

ತನ್ನದನ್ನು ಮಾತ್ರ ಮನೆಗೆ ಒಯ್ದಳು. ಅಡುಗೆಮನೆಯಲ್ಲಿ ಕೂತು ಪೆನ್ನು ಹಿಡಿದಳು. ತನ್ನ ಕೈಯಲ್ಲಿ ಗುಣವೂ ಇಲ್ಲ, ಮಣ್ಣೂ ಇಲ್ಲ ಎಂಬುದು ಅವಳೊಬ್ಬಳಿಗೆ ಚೆನ್ನಾಗಿ ಗೊತ್ತಿತ್ತು. ಶೇರಿನ ಎದುರು ಸೊನ್ನೆ, ಸರ್ಕಾರದ ಬಾಂಡಿನ ಎದುರು ನೂರು ಎಂದು ಬರೆದು, ಲಕೋಟೆಗೆ ಹಾಕಿ, ಅನ್ನದ ಅಗುಳಿನಿಂದ ಬಾಯಿ ಅಂಟಿಸಿದಳು. ಬೆಳಿಗ್ಗೆ ಆ ಹನ್ನೊಂದು ಫಾರ್ಮಿನ ಜೊತೆಗೆ ಅದೂ ಹೋಯಿತು. ಯಾರೂ ಕೇಳಲಿಲ್ಲ.

ಮೂರು ತಿಂಗಳು ಎಲ್ಲ ಸುಖವಾಗಿತ್ತು. ಸಂಕ್ರಾಂತಿ ಮುಗಿದು ಶಿವರಾತ್ರಿ ಹತ್ತಿರ ಬರುವಾಗ ಶೇರುಪೇಟೆ ಬೀಳತೊಡಗಿತು. ಒಂದು ದಿನ ಬಿದ್ದು ನಿಲ್ಲುವ ಕುಸಿತವಲ್ಲ, ದಿನವೂ ಬೀಳುವ ಕುಸಿತ. ಪ್ರದೀಪ ಫೋನು ನೋಡಿ "ಥೋ!" ಎಂದಾಗಲೆಲ್ಲ ಅವಳ ಲೆಕ್ಕ ತಪ್ಪುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಯಾವ ಪೇಟೆಯ ಮಾತೆತ್ತಿದರೂ ಅವಳು ಎದ್ದು ಗೋಡೌನಿಗೆ ಹೋಗಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಕಲ್ಲಮ್ಮ ಸೆರಗಿನಲ್ಲಿ ಫೋನು ಒರೆಸಿಕೊಂಡು ಬಂದಳು. "ಎಂತದೋ ಮೆಸೇಜು ಬಂದಿದೆ ಅಮ್ಮ, ಇಂಗ್ಲಿಷು. ಪಿಂಚಣೀದಾ ನೋಡಿ. ಏರಿದ್ಯಾ?"

ನಾಲ್ಕು ಲಕ್ಷ ಹತ್ತು ಸಾವಿರ ಇದ್ದದ್ದು ಮೂರು ಲಕ್ಷ ಅರವತ್ನಾಲ್ಕಕ್ಕೆ ಇಳಿದಿತ್ತು.

"ಸರಿ ಇದೆ" ಎಂದಳು ಮೂಕಾಂಬಿಕಾ.

"ನಂಗೊತ್ತು. ನಿಮ್ಮ ಕೈಯಲ್ವಾ" ಎಂದು ಕಲ್ಲಮ್ಮ ಪೊರಕೆ ಎತ್ತಿಕೊಂಡು ಹೋದಳು.

ಆಮೇಲೆ ಮೂಕಾಂಬಿಕಾ ಅದೇ ಲೆಕ್ಕ ಹಾಕುತ್ತ ಕೂತಳು. ಹಣವನ್ನು ಈಗ ಶೇರಿನಿಂದ ತೆಗೆದರೆ ಹೋದದ್ದು ಹೋದ ಹಾಗೇ. ತೆಗೆಯದಿದ್ದರೆ ಇನ್ನೂ ಹೋಗಬಹುದು. ಕಾದರೆ ಏರಲೂಬಹುದು, ಆದರೆ ಕಲ್ಲಮ್ಮನಿಗೆ ಕಾಯಲು ಉಳಿದದ್ದು ಆರೇ ತಿಂಗಳು. ಯಾವ ಕಡೆ ಹೊರಳಿದರೂ ಮುಳ್ಳು. ಮೇಲಾಗಿ ಇನ್ನೊಂದು ಭಯ, ಅದರ ಹತ್ತು ಪಟ್ಟಿನದು: ಯಾರಾದರೂ, ಯಾವತ್ತಾದರೂ, ನಿನ್ನದನ್ನು ಎಲ್ಲಿ ಹಾಕಿದ್ದೀಯ ಎಂದು ಕೇಳಿಯೇ ಕೇಳುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಸೋಮವಾರ ಕಲ್ಲಮ್ಮ ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಫೋನು ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಗೊತ್ತಾಗಿರಬೇಕು, ಅಳಿಯ ಮೆಸೇಜು ಓದಿ ಹೇಳಿರಬೇಕು, ಮುದುಕಿ ಏನಾದರೂ ಮಾಡಿಕೊಂಡಿದ್ದರೆ? ಮೂಕಾಂಬಿಕಾಳಿಗೆ ಕೂರಲಾಗಲಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟು, ಹಣ ಹಾಕುವ ಜಾಗ ಬದಲಾಯಿಸುವ ಖಾಲಿ ಫಾರ್ಮೊಂದನ್ನು ಚೀಲಕ್ಕೆ ತುರುಕಿ, ಮುತ್ತಿನಕೊಪ್ಪದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಶಾರದಾಂಬೆಗೆ ಹರಕೆ ಹೊತ್ತಳು. ಹರಕೆ ಕಲ್ಲಮ್ಮ ಬದುಕಿರಲಿ ಎಂದೋ, ಆ ಪ್ರಶ್ನೆ ಕೇಳದಿರಲಿ ಎಂದೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಕಲ್ಲಮ್ಮ ಮನೆಯ ಮೆಟ್ಟಿಲ ಮೇಲೆ ಮಂಡಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು.

"ಅಯ್ಯೋ, ನೀವ್ಯಾಕಮ್ಮ ಬರಕ್ಕೆ ಹೋದ್ರಿ! ಮಂಡಿ ಊದಿ ನಡಿಯಕ್ಕಾಗ್ಲಿಲ್ಲ ಅಷ್ಟೇ. ಫೋನು ಮೊಮ್ಮಗಳ ಹತ್ರ ಇತ್ತು. ಕೂತ್ಕಳಿ, ಕಾಫಿ ಮಾಡಿಸ್ತೀನಿ."

ಜೀವ ಇದೆ ಎಂದು ಕಂಡ ಕೂಡಲೇ ಮೂಕಾಂಬಿಕಾಳಿಗೆ ಅಳು ಬಂತು. ಕೂರುವ ಮೊದಲೇ ಹೇಳಿಬಿಟ್ಟಳು: ಸರಿ ಇದೆ ಎಂದದ್ದು ಸುಳ್ಳು, ನಲವತ್ತಾರು ಸಾವಿರ ಹೋಗಿದೆ, ಇನ್ನೂ ಹೋಗಬಹುದು.

ಕಲ್ಲಮ್ಮನ ಕೈ ಮಂಡಿಯ ಮೇಲೇ ನಿಂತಿತು. ಆಮೇಲೆ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೂಕಾಂಬಿಕಾಳ ಬೆನ್ನ ಮೇಲಿಟ್ಟಳು.

"ಅಳ್ಬೇಡಿ. ನೀವೇನು ಬೇಕು ಅಂತ ಮಾಡಿದ್ರಾ? ನನ್ನದೇ ಇಷ್ಟು ಹೋಯ್ತು ಅಂದ್ರೆ, ನಿಮ್ಗೆ ಸಂಬಳ ಜಾಸ್ತಿ, ನಿಮ್ದು ಇನ್ನೆಷ್ಟು ಹೋಗಿರ್ಬೇಕು ಪಾಪ. ಮಗಳನ್ನ ಬೇರೆ ಓದಿಸ್ತಿದೀರಿ."

ಪ್ರಶ್ನೆ ಬಂದಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದಳೋ ಏನೋ. ಈ ಸಮಾಧಾನವನ್ನು ತಡೆಯಲಾಗಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಕಾಫಿ ಕುಡಿದು, ಇಬ್ಬರೂ ಸೇರಿ ಪೇಟೆಯನ್ನು ಬೈದು, ಐದರ ಬಸ್ಸಿಗೆ ವಾಪಸು ಹೋಗಬಹುದಿತ್ತು. ಬೆನ್ನ ಮೇಲಿದ್ದ ಆ ಕೈ ಸುಡುತ್ತಿತ್ತು.

"ನಂದು ಹೋಗ್ಲಿಲ್ಲ ಕಲ್ಲಮ್ಮ."

"ಹ್ಞಾಂ?"

"ನನ್ನದನ್ನ ಶೇರಿಗೆ ಹಾಕ್ಲೇ ಇಲ್ಲ. ಪೂರ್ತಿ ಸರ್ಕಾರದ ಬಾಂಡಿಗೆ ಹಾಕಿದೆ. ನಂಗೆ ಹೆದರಿಕೆ ಆಯ್ತು."

ಬೆನ್ನ ಮೇಲಿನ ಕೈ ಹಿಂದಕ್ಕೆ ಹೋಯಿತು. ಬೈಯುತ್ತಾಳೆ ಎಂದು ಮೂಕಾಂಬಿಕಾ ಕಾದಳು. ಬೈದರೆ ಸಾಕು, ಶಾಪ ಹಾಕಿದರೂ ಸಾಕು ಎನ್ನಿಸಿತು.

"ಫಾರ್ಮು ತಂದಿದೀರಾ?" ಎಂದು ಕೇಳಿದಳು ಕಲ್ಲಮ್ಮ.

ಮೂಕಾಂಬಿಕಾ ಚೀಲದಿಂದ ತೆಗೆದು ಕೊಟ್ಟಳು. ಈಗ ಬದಲಾಯಿಸಿದರೆ ಹೋದ ಹಣ ವಾಪಸು ಬರುವುದಿಲ್ಲ ಎಂದು ಮೊದಲ ಬಾರಿಗೆ ಬಿಡಿಸಿ ಹೇಳಿದಳು. ಕಲ್ಲಮ್ಮ ಎಲ್ಲ ಕೇಳಿಸಿಕೊಂಡು ಪೆನ್ನಿಗೆ ಕೈ ಚಾಚಿದಳು. ಬರೆಯಲು ಮೂಕಾಂಬಿಕಾ ಮುಂದಾದಾಗ ತಲೆಯಲ್ಲಾಡಿಸಿದಳು.

"ಬೇಡ. ಎಲ್ಲಿ ಅಂತ ತೋರ್ಸಿ, ಸಾಕು."

ಸರ್ಕಾರದ ಬಾಂಡಿನ ಎದುರು ಒಂದು, ಸೊನ್ನೆ, ಇನ್ನೊಂದು ಸೊನ್ನೆ. ಮೂರು ಅಂಕಿ ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೆಳಗೆ ಸಹಿ ಹಾಕಿ, ಹಾಳೆಯನ್ನು ಮಡಿಸದೆ ಹಾಗೇ ಮುಂದಕ್ಕೆ ಹಿಡಿದಳು.

"ನಿಮ್ಗೆ ಹೆದರಿಕೆ ಆಯ್ತು ಅಂತ ಅವತ್ತೇ ಹೇಳಿದ್ರೆ, ನಾನೂ ನಿಮ್ಮ ಜೊತೆ ಹೆದರ್ಕಂಡು ಬದುಕ್ತಿದ್ದೆ" ಎಂದಳು. "ಎಲ್ರಿಗೂ ಕೈಗುಣ ಹಂಚಿದ್ರಿ. ಹೆದರಿಕೆನ ಮಾತ್ರ ನೀವೊಬ್ರೇ ಇಟ್ಕಂಡ್ರಿ."